ಹಳೆಯ ಲೇಥಿಗೆ ಬೆಲೆ ಕಟ್ಟುವ ಬಗೆ



ಠಾಣೆಯ ವಾಗ್ಳೆ ಎಸ್ಟೇಟಿನಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಸಣ್ಣ ವರ್ಕ್‌ಶಾಪಿನ ಮಾಲೀಕರು ತೀರಿಕೊಂಡರೆ, ಮನೆಯವರ ಬಳಿಗೆ ಮೊದಲು ಬರುವವನು ಭಂಗಾರವಾಲಾ. ಲೇಥಿಗೆ ಅವನು ಹೇಳುವುದು ಕಿಲೋ ಲೆಕ್ಕದ ದರ. ಅವನ ಭಂಗಾರವೆಂದರೆ ಗುಜರಿ, ನಮ್ಮ ಬಂಗಾರವಲ್ಲ! ಆ ದರವನ್ನು ಕನಿಷ್ಠ ಬೆಲೆಯೆಂದು ಬರೆದಿಟ್ಟುಕೊಂಡು, ಎಣ್ಣೆಯ ಜಿಡ್ಡು ಒರೆಸಿ ಹೆಸರು ಓದಿರಿ. ತಗಡಿನ ಫಲಕ ಕಳಚಿದ್ದರೆ ಎರಕದಲ್ಲಿಯೇ ಮೂಡಿದ ಅಕ್ಷರಗಳನ್ನೂ ಬೆಡ್ಡಿನ ತುದಿಯಲ್ಲಿ ಒತ್ತಿದ ಅಂಕಿಗಳನ್ನೂ ಹುಡುಕಬೇಕು. ನಮ್ಮ ನಾಡಿನವೇ ಎರಡು ಹೆಸರುಗಳುಂಟು: 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಹರಿಹರದ ಆ ಕಂಪನಿ ಮುಚ್ಚಿದೆ. ಅದರ ಲೇಥುಗಳು ಇನ್ನೂ ತಿರುಗುತ್ತಿವೆ.

ಆದರೆ ಹೆಸರಿಗಿಂತ ಸವೆತ ಮುಖ್ಯ. ಕೆಲಸವೆಲ್ಲ ಚಕ್ಕಿನ ಹತ್ತಿರ ನಡೆಯುವುದರಿಂದ ಬೆಡ್ಡು ಸವೆಯುವುದೂ ಅಲ್ಲಿಯೇ. ಕ್ಯಾರೇಜನ್ನು ಅಲ್ಲಿ ಹದವಾಗಿ ಬಿಗಿದು ಟೇಲ್‌ಸ್ಟಾಕಿನ ಕಡೆಗೆ ಸರಿಸಿರಿ; ದಾರಿಯಲ್ಲಿ ಸಿಕ್ಕಿಕೊಂಡರೆ ಸವೆತ ಹೆಚ್ಚೆಂದು ತಿಳಿಯಿರಿ. ಹೊಸ ಬಣ್ಣಕ್ಕೆ ಬೆಲೆಯಿಲ್ಲ. ಮೂಲೆಯಲ್ಲಿ ಬಿದ್ದಿರುವ ಬಿಡಿ ಗೇರುಗಳನ್ನೂ ನಾಲ್ಕು ದವಡೆಯ ಚಕ್ಕನ್ನೂ ಬೇರೆಯಾಗಿ ಮಾರದೆ ಲೇಥಿನ ಜೊತೆಗೇ ಇಡಿರಿ. ಗೇರು ಬದಲಿಸಿ ಥ್ರೆಡ್ ಕೊಯ್ಯುವ ಲೇಥಿಗೆ ಅವಿಲ್ಲದಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ.

ಇನ್ನೊಂದು ಮಾತು. ವರ್ಕ್‌ಶಾಪಿನ ವಿದ್ಯುತ್ತು ಕಡಿಸುವ ಮೊದಲೇ ಗಿರಾಕಿಗಳನ್ನು ಕರೆಸಿ, ಒಂದು ಕಬ್ಬಿಣದ ಸರಳನ್ನು ಅವರ ಎದುರಿಗೇ ಕೊಯ್ದು ತೋರಿಸಿರಿ. ಜೊತೆಗೆ ಟರ್ನರ್ ಬೇಕಾದವರು ವಾಚನಾಲಯದಲ್ಲಿ ಹೇಳಿದರೆ ನಾವು ಕಳುಹಿಸಿಕೊಡುತ್ತೇವೆ.