ಗುಳಿಗಿಗಿಂತ ಮೊದಲು ಊಟ
(ಸಂಘದ ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸಬೇಕೆಂದು. ಆ ಕೆಲಸವನ್ನು ನಮ್ಮ ಸಂಘ 25 ವರ್ಷ ಮಾಡಿದೆ. ಇದಕ್ಕಾಗಿ ಎಲ್ಲರಿಗೂ ಅಭಿನಂದನೆ. ಆದರೆ ಇವತ್ತು ನಮ್ಮ ಮನೆಗಳಲ್ಲಿ ಬೀಜ-ಗೊಬ್ಬರದ ಸಾಲದ ಬಗಲಿಗೇ ದವಾಖಾನಿ ಸಾಲವೂ ಕೂತಿರ್ತದ. ದೊಡ್ಡ ಬ್ಯಾನಿ ಬಂದರೆ ಖರ್ಚು ತಪ್ಪುವುದಿಲ್ಲ, ಅದರ ಮಾತು ಬೇರೆ. ಸುಸ್ತು, ತಲೆಸುತ್ತು, ಬಾಯಿ ಹುಣ್ಣು, ಎದೆ ಉರಿ, ಮಲಬದ್ಧತೆ, ಸೊಂಟನೋವು ಅಂತ ಸಣ್ಣ ಸಣ್ಣ ಕಾರಣಕ್ಕೆ ಹೋಗುವ ರೊಕ್ಕದ ಬಗ್ಗೆ ಮಾತ್ರ ನಾವು ಇವತ್ತು ನಾಲ್ಕು ಮಾತು ಹೇಳುತ್ತೇವೆ.

ಮೊದಲು ಬಾಟ್ಲಿಯ ಲೆಕ್ಕ ನೋಡೋಣ. ಮೈಯಾಗ ತಾಕತ್ತಿಲ್ಲ ಅಂದಕೂಡಲೇ 'ಒಂದು ಬಾಟ್ಲಿ ಹಚ್ರಿ, ಒಂದು ತಾಕತ್ತಿನ ಸೂಜಿ ಮಾಡ್ರಿ' ಎಂದು ನಾವೇ ಕೇಳುತ್ತೇವೆ. ಬಾಟ್ಲಿ ಹಚ್ಚದ ಡಾಕ್ಟರು ನಮಗೆ ಡಾಕ್ಟರೇ ಅಲ್ಲ. ಆ ಬಾಟ್ಲಿಯಲ್ಲಿ ಏನದ? ಶೇಕಡಾ 5ರ ಗ್ಲೂಕೋಸ್ 500 ಮಿಲಿ ಇದ್ದರೆ ಅದರಲ್ಲಿ 25 ಗ್ರಾಂ ಸಕ್ಕರಿ, ಅಂದರೆ ಸುಮಾರು ಐದು ಚಮಚ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇರ್ತದ, ಜೊತೆಗೆ ಐದು ಗ್ರಾಂ ಹತ್ತಿರ ಪ್ರೋಟೀನು, ನಾರು, ಕಬ್ಬಿಣವೂ ಇರ್ತದ. ಬರೀ ಸಲಾಯಿನ್ ಬಾಟ್ಲಿಯಾದರೆ ಇನ್ನೂ ಹಗುರ: 500 ಮಿಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಉಳಿದದ್ದು ನೀರು. ವಾಂತಿ-ಭೇದಿಯಾಗಿ ನೀರು ಕುಡಿಯಲಿಕ್ಕೂ ಆಗದವನಿಗೆ ಆ ಬಾಟ್ಲಿ ಜೀವ ಉಳಿಸುತ್ತದೆ, ಆಗ ಬೇಡ ಅನ್ನಬಾರದು. ನಡೆದುಕೊಂಡು ಬಂದು ಮಾತಾಡುವ, ಉಣ್ಣಬಲ್ಲ ಮನುಷ್ಯನಿಗೆ ಅದು ತಾಕತ್ತಲ್ಲ.

ಹಾಗಾದರೆ ಸುಸ್ತು ಎಲ್ಲಿಂದ ಬರ್ತದ? ನಮ್ಮ ಭಾಗದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ದೊಡ್ಡ ಕಾರಣ ರಕ್ತಹೀನತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 48ರಷ್ಟು ಹೆಂಗಸರಿಗೆ, ಐದು ವರ್ಷದೊಳಗಿನ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತ ಕಮ್ಮಿ. ಈ ಸಭೆಯಲ್ಲಿ ಕೂತ ತಾಯಂದಿರನ್ನು ಇಬ್ಬಿಬ್ಬರಂತೆ ಎಣಿಸಿದರೆ ಹೆಚ್ಚುಕಡಿಮೆ ಪ್ರತಿ ಜೋಡಿಯಲ್ಲಿ ಒಬ್ಬರು ಆ ಲೆಕ್ಕಕ್ಕೆ ಬರ್ತಾರೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿಗೆ 11, ಗಂಡಸರಿಗೆ 13. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನಿಂದ ಒಂದು ಹನಿ ರಕ್ತ ಕೊಟ್ಟರೆ ಗೊತ್ತಾಗ್ತದ. ಬಾಟ್ಲಿ ಹಚ್ಚಿಸುವ ಮೊದಲು ಆ ಒಂದು ಹನಿ ಕೊಡ್ರಿ.

ರಕ್ತ ಆಗಬೇಕಾದರೆ ಕಬ್ಬಿಣಾಂಶ ಬೇಕು. ಅದು ನಮ್ಮ ಹೊಲದಲ್ಲೇ ಅದ. ಸಜ್ಜಿಯಲ್ಲಿ ಜೋಳಕ್ಕಿಂತ ಹೆಚ್ಚದ. ತೊಗರಿ, ಹೆಸರು, ಮಡಿಕಿ, ಕಡಲಿಯಲ್ಲಿ ಅದ. ರಾಜಗಿರಿ, ಮೆಂತ್ಯ, ನುಗ್ಗಿ ಸೊಪ್ಪಿನಲ್ಲಿ ಅದ. ಮಾಂಸ ತಿನ್ನುವವರಿಗೆ ಮಾಂಸ, ಕಾಳಿಜಿನಿಂದ ಸಿಗುವುದು ಇನ್ನೂ ಸಲೀಸಾಗಿ ಮೈಗೆ ಹತ್ತುತ್ತದೆ. ಕಾಳು-ಸೊಪ್ಪಿನ ಕಬ್ಬಿಣ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಅದಕ್ಕೆ ಹುಳಿಯ ಜೊತೆ ಬೇಕು. ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಒಂದು ಪೇರಲಹಣ್ಣು, ನೆಲ್ಲಿಕಾಯಿ ತಿನ್ನುವುದು ಇದಕ್ಕೇ. ಊಟ ಮುಗಿದಕೂಡಲೇ ಚಹಾ ಕುಡಿದರೆ ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡುಬಿಡ್ತದ. ಚಹಾ ಬಿಡ್ರಿ ಅಂದರೆ ನೀವು ನಮ್ಮನ್ನ ಊರಾಗ ಬಿಡೋದಿಲ್ಲ. ಅದಕ್ಕೆ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡ್ರಿ ಅಂತ ಮಾತ್ರ ಕೇಳುತ್ತೇವೆ. ಬೀಟರೂಟ್ ಕೆಂಪಗದ ಅಂತ ಅದರಿಂದಲೇ ರಕ್ತ ಆಗೋದಿಲ್ಲ, ಇದೂ ನೆನಪಿರಲಿ.

ಒಮ್ಮೆ ರಕ್ತ ಬಹಳ ಇಳಿದ ಮೇಲೆ ಊಟವೊಂದರಿಂದಲೇ ಬೇಗ ಏರುವುದಿಲ್ಲ. ಆಗ ಗುಳಿಗಿ ಬೇಕು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಸಿಗುವ ಕಬ್ಬಿಣದ ಗುಳಿಗಿಗೆ ಒಂದು ಪೈಸೆ ಖರ್ಚಿಲ್ಲ. ಬಸುರಿಯಾದವರು ನಾಲ್ಕನೇ ತಿಂಗಳಿನಿಂದ ದಿನಾ ಒಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತಗೋಬೇಕು. ಎಷ್ಟೋ ಮನೆಗಳಲ್ಲಿ ಆ ಗುಳಿಗಿ ಮಾಡದಾಗ ಹಾಗೇ ಬಿದ್ದಿರ್ತಾವ. 'ಅವನ್ನ ತಿಂದ್ರ ಕೂಸು ಕರ್ರಗ ಆಗ್ತದ, ದಪ್ಪ ಆಗಿ ಹೆರಿಗಿ ಕಷ್ಟ ಆಗ್ತದ' ಅನ್ನುವ ಮಾತು ಸುಳ್ಳು. ಮಲ ಕಪ್ಪಾಗುವುದು ನಿಜ, ಅದರಿಂದ ತೊಂದರೆಯಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ನುಂಗ್ರಿ. ಕ್ಯಾಲ್ಸಿಯಂ ಗುಳಿಗಿ ಮತ್ತು ಇದನ್ನು ಒಟ್ಟಿಗೆ ನುಂಗಬ್ಯಾಡ್ರಿ, ಎರಡು ತಾಸು ಅಂತರ ಇರಲಿ. ಹೊಟ್ಟೆಯೊಳಗಿನ ಹುಳ ರಕ್ತ ಹೀರುತ್ತಿದ್ದರೆ ಉಂಡದ್ದೂ ನುಂಗಿದ್ದೂ ದಂಡ. ಅದಕ್ಕೇ 2015ರಿಂದ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಮಕ್ಕಳಿಗೆ ಜಂತುಹುಳದ ಗುಳಿಗಿ ಕೊಡುವ ದಿನ ನಡೀತದ. ಬರಿಗಾಲಿನಲ್ಲಿ ಬಯಲಿಗೆ ಹೋಗುವುದು ನಿಂತರೆ ಆ ಹುಳದ ದಾರಿಯೇ ಬಂದ್ ಆಗ್ತದ.

ಇನ್ನು ರೊಟ್ಟಿಯ ಮಾತು. ಜೋಳದ ರೊಟ್ಟಿ ನಮ್ಮ ಹೆಮ್ಮೆ. ಆದರೆ ಬರೀ ರೊಟ್ಟಿ, ಖಾರ ತಿಂದು ಬದುಕಿದ ಕಾಲದಲ್ಲಿ ಈ ದಖ್ಖನ್ ನೆಲದ ಬಡವರಿಗೆ ಪೆಲ್ಲಾಗ್ರ ಅನ್ನುವ ರೋಗ ಬರ್ತಿತ್ತು. ಕುತ್ತಿಗೆ, ಕೈ-ಕಾಲಿನ ಬಿಸಿಲು ಬೀಳುವ ಜಾಗ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿ ಮಂಕಾಗುವುದು ಅದರ ಲಕ್ಷಣ. ನಮ್ಮ ಭಾಗ 1956ರವರೆಗೆ ಯಾವ ಹೈದರಾಬಾದ್ ರಾಜ್ಯದಲ್ಲಿತ್ತೋ ಆ ಹೈದರಾಬಾದಿನ ಪ್ರಯೋಗಾಲಯದಲ್ಲೇ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆ ಎಂದು ಹೆಸರಾದ ಕಡೆ, ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಅನ್ನುವ ಅಂಶ ನಯಾಸಿನ್ ಎಂಬ ಜೀವಸತ್ವದ ಉಪಯೋಗಕ್ಕೆ ಅಡ್ಡ ಬರುತ್ತದೆ ಎಂಬುದು ಅವರ ವಿಚಾರ. ರೊಟ್ಟಿ ಬಿಡಬೇಕೆಂದು ಇದರ ಅರ್ಥವಲ್ಲ, ರೊಟ್ಟಿ ಒಂಟಿಯಾಗಬಾರದು ಅಷ್ಟೇ. ಶೇಂಗಾದಲ್ಲಿ ನಯಾಸಿನ್ ಬಹಳ ಅದ. ಬೇಳೆ, ಮೊಸರು, ಮಜ್ಜಿಗಿ ಕೂಡಿದರೆ ಕೊರತೆ ತುಂಬಿತು. ನಮ್ಮ ಅಜ್ಜಿಯಂದಿರು ರೊಟ್ಟಿಯ ಬಗಲಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಂಡಿ ಪಲ್ಲೆ, ಬ್ಯಾಳಿ, ಹಸಿ ಉಳ್ಳಾಗಡ್ಡಿ ಇಟ್ಟದ್ದು ಸುಮ್ಮನಲ್ಲ. ಎಳ್ಳಮವಾಸ್ಯೆಗೆ ಹೊಲದಾಗ ಕೂತು ಉಣ್ಣುವ ಭಜ್ಜಿಯಲ್ಲಿ ಎಷ್ಟು ತರದ ಕಾಯಿ, ಕಾಳು, ಸೊಪ್ಪು ಬೀಳ್ತಾವ ಎಣಿಸಿ ನೋಡ್ರಿ. ಅದು ವರ್ಷಕ್ಕೊಂದು ದಿನದ ಊಟ ಆಗಿ ಉಳಿದದ್ದೇ ತೊಂದರೆ.

ಬಾಯಿ ಹುಣ್ಣು, ತುಟಿಯ ಮೂಲೆ ಒಡೆಯುವುದು, ನಾಲಿಗೆ ಕೆಂಪಾಗುವುದು ಬಿ ಗುಂಪಿನ ಜೀವಸತ್ವಗಳ ಕೊರತೆಯಿಂದ ಬರಬಹುದು. ಹಾಲು, ಮೊಸರು, ಮೊಳಕೆ ಕಾಳು, ಸೊಪ್ಪು ಇದಕ್ಕೆ ಊಟದ ಔಷಧ. ಅದರಲ್ಲಿ ಬಿ-12 ಅನ್ನುವುದು ಕಾಳು-ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ತತ್ತಿ, ಮೀನು, ಮಾಂಸದಲ್ಲಿ ಮಾತ್ರ ಅದ. ಶಾಕಾಹಾರಿಗಳ ಮನೆಯಲ್ಲಿ ಹಾಲೂ ಇಲ್ಲದಿದ್ದರೆ ಕೈಕಾಲು ಜೋಮು ಹಿಡಿಯುವುದು, ಮರೆವು ಶುರುವಾಗಬಹುದು. ಸಕ್ಕರಿ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗಿ ಬಹಳ ವರ್ಷದಿಂದ ತಗೊಳ್ಳುವವರಿಗೂ ಇದು ಕಮ್ಮಿಯಾಗಬಹುದು, ಡಾಕ್ಟರಿಗೆ ಕೇಳಿ ತಪಾಸಣೆ ಮಾಡಿಸ್ರಿ. ಆದರೆ ಬಾಯಿಯ ಹುಣ್ಣು ಎರಡು-ಮೂರು ವಾರವಾದರೂ ಮಾಯದಿದ್ದರೆ, ಅದರಲ್ಲೂ ತಂಬಾಕು, ಗುಟ್ಕಾ ಹಾಕುವವರಿಗೆ ಆದರೆ, ಜೀವಸತ್ವದ ಗುಳಿಗಿ ನುಂಗುತ್ತಾ ಕೂಡಬಾರದು. ಕೂಡಲೇ ತೋರಿಸಬೇಕು.

ಮಲಬದ್ಧತೆಗೆ ನೀರು, ಸೊಪ್ಪು, ಸೋಸದ ಹಿಟ್ಟಿನ ರೊಟ್ಟಿ ಮೊದಲು, ಆಮೇಲೆ ಬೇಕಾದರೆ ಇಸಬಗೋಲ್. ಎದೆ ಉರಿಗೆ ಬರಿ ಹೊಟ್ಟೆಯ ಚಹಾ, ತಂಬಾಕು, ಮತ್ತು ಕಿರಾಣಿ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಗುಳಿಗಿ ಬಹಳ ಸಲ ಕಾರಣ. ಉರಿಗೆ ಮತ್ತೊಂದು ಗುಳಿಗಿ ತಗೊಳ್ಳುವ ಮೊದಲು ಇವನ್ನು ಬಿಟ್ಟು ನೋಡ್ರಿ. ಸೊಂಟ, ಮೊಣಕಾಲಿನ ನೋವಿಗೆ ಜಾತ್ರೆಯಲ್ಲಿ, ಸಂತೆಯಲ್ಲಿ ಹೆಸರಿಲ್ಲದ ಪುಡಿ ಮಾರುತ್ತಾರೆ. ಎರಡೇ ದಿನದಲ್ಲಿ ಚಮತ್ಕಾರದಂತೆ ನೋವು ಇಳಿದರೆ ಅನುಮಾನ ಪಡ್ರಿ. ಅಂಥ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಮುಖ ಊದುತ್ತದೆ, ಸಕ್ಕರಿ ಏರುತ್ತದೆ, ಎಲುಬು ಸವೆಯುತ್ತದೆ. ಎಲುಬಿಗೆ ಬೇಕಾದ ಸುಣ್ಣಾಂಶ ಹಾಲು, ಮೊಸರು, ಎಳ್ಳು, ರಾಗಿಯಲ್ಲಿ ಸಿಗ್ತದ. ಡಬ್ಬಿಯ ಟಾನಿಕ್ ಪುಡಿ ಕೊಳ್ಳುವವರು ತಯಾರಿಸಿದ ದಿನ, ಮುಗಿಯುವ ದಿನ, 14 ಅಂಕಿಯ ಆಹಾರ ಲೈಸೆನ್ಸ್ ನಂಬರು ಓದಿ ಕೊಳ್ರಿ. ಅದು ಊಟಕ್ಕೆ ಪೂರಕ, ಊಟದ ಬದಲಿ ಅಲ್ಲ.

ನಮ್ಮ ಬ್ಯಾಸಗಿಯಲ್ಲಿ ಭೇದಿ ಹತ್ತಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಅಳತೆಯ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸ್ರಿ. ಓಆರ್‌ಎಸ್ ಪಾಕೀಟು ಸಿಕ್ಕರೆ ಇನ್ನೂ ಛಲೋ. ಕೂಸಿಗೆ ಎದೆಹಾಲು ನಿಲ್ಲಿಸಬ್ಯಾಡ್ರಿ. ಜಿಂಕ್ ಗುಳಿಗಿ ಕೊಟ್ಟಿದ್ದರೆ ಭೇದಿ ನಿಂತರೂ 14 ದಿನ ಪೂರ್ತಿ ಮಾಡ್ರಿ.

ರೇಶನ್ ಅಕ್ಕಿಯ ಬಗ್ಗೆ ಒಂದು ಮಾತು. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿದ ಅಕ್ಕಿ ಕೊಡುತ್ತೇವೆಂದು ಕೇಂದ್ರ ಸರಕಾರ 2021ರಲ್ಲಿ ಸಾರಿತು. ನೂರು ಕಾಳಿಗೆ ಒಂದು ಕಾಳಿನಂತೆ ಬೆರೆಸಿದ್ದನ್ನು ಕಂಡು ಊರೂರಲ್ಲಿ 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಚೆಲ್ಲಿದರು. ಅದು ಪ್ಲಾಸ್ಟಿಕ್ ಆಗಿರಲಿಲ್ಲ, ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು. 2021ರ ಡಿಸೆಂಬರದಿಂದ ನಮ್ಮ ಕಲಬುರಗಿ ಜಿಲ್ಲೆಯ ಶಾಲೆಗಳಲ್ಲಿ ತತ್ತಿ, ಒಲ್ಲದವರಿಗೆ ಬಾಳೆಹಣ್ಣು ಕೊಡಲಿಕ್ಕೆ ಶುರು ಮಾಡಿದರು. ಯಾರ ಮನೆಯ ಪದ್ಧತಿ ಅವರಿಗೆ. ಆದರೆ ತತ್ತಿ ತಿನ್ನುವ ಕೂಸನ್ನು ಯಾರೂ ಹಂಗಿಸಬಾರದು.

ಕೊನೆಗೆ ಮುಖ್ಯ ಮಾತು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು, ದೇಶವೆಲ್ಲ ನಮ್ಮ ಬ್ಯಾಳಿ ಉಣ್ಣುತ್ತದೆ. ಬೆಳೆದ ನಾವು ಚೀಲ ಪೂರಾ ಮಾರಿ ಬಂದು, ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಕೊಂಡು ನೀರು ಸಾರು ಮಾಡ್ತೀವಿ. ಹಾಲು ಪೂರಾ ಡೈರಿಗೆ ಹಾಕಿ ಕೂಸಿಗೆ ಕರಿ ಚಹಾ ಕುಡಿಸ್ತೀವಿ. ಇದ್ದ ಸಾರಿನಲ್ಲೂ ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡಿಗೆ ತಳದ ನೀರು ಮನಿ ಹೆಣ್ಣುಮಗಳಿಗೆ. ಬೆಳಗಿನಿಂದ ಕಳೆ ತೆಗೆದು, ನೀರು ಹೊತ್ತು, ರೊಟ್ಟಿ ಬಡಿದವಳ ತಾಟಿನಲ್ಲಿ ಪಲ್ಲೆ ಇರುವುದಿಲ್ಲ. ಆಮೇಲೆ ಅವಳ ಸುಸ್ತಿಗೆ ಬಾಟ್ಲಿ ಹಚ್ಚಿಸಲಿಕ್ಕೆ ಸಾಲ ತರ್ತೀವಿ. ಇದು ಯಾವ ಲೆಕ್ಕ? ಲಾಭ ಬಂದಾಗ ಸದಸ್ಯರಿಗೆಲ್ಲ ಸಮನಾಗಿ ಹಂಚುವ ಸಂಘದವರು ನಾವು. ಮನೆಯೊಳಗೆ ಪಾತ್ರೆಯ ಮುಂದೆ ಆ ನ್ಯಾಯ ಯಾಕಿಲ್ಲ?

ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು ದಾಸೋಹವನ್ನೇ ಬದುಕು ಮಾಡಿಕೊಂಡವರು. ಅವರ ನಾಡಿನವರಾದ ನಮ್ಮ ಮನೆಯಲ್ಲೇ ಒಬ್ಬಳು ಅರೆಹೊಟ್ಟೆಯಲ್ಲಿ ಮಲಗಬಾರದು.

ಅದಕ್ಕೆ ಈ ಬೆಳ್ಳಿ ಹಬ್ಬದ ನೆನಪಿಗೆ ಸದಸ್ಯರ ಮುಂದೆ ನಾಲ್ಕು ಬೇಡಿಕೆ ಇಡುತ್ತೇವೆ. ಮಾರುವ ಮೊದಲು ವರ್ಷದ ಬ್ಯಾಳಿಗೆ ಬೇಕಾದಷ್ಟು ತೊಗರಿ ಮನೆಯಲ್ಲಿ ತೆಗೆದಿಡ್ರಿ. ಕರೆದ ಹಾಲಿನಲ್ಲಿ ಮಕ್ಕಳ ಪಾಲು ಮೊದಲು ಬೇರೆ ಮಾಡ್ರಿ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗಿ, ಒಂದು ನಿಂಬಿ, ಒಂದು ಪಪ್ಪಾಯಿ ಹಚ್ರಿ. ರಾತ್ರಿ ಒಂದು ಹೊತ್ತಾದರೂ ಮನಿಮಂದಿ ಎಲ್ಲರೂ ಕೂಡಿ ಉಣ್ರಿ. ಸಂಘದವರು ವಾರ್ಷಿಕ ಸಭೆಯ ದಿನ ಆರೋಗ್ಯ ಕೇಂದ್ರದವರನ್ನು ಕರೆಸಿ ಹೆಣ್ಣುಮಕ್ಕಳ ರಕ್ತ ತಪಾಸಣೆ ಮಾಡಿಸಬೇಕೆಂದೂ ಕೇಳಿಕೊಳ್ಳುತ್ತೇವೆ.

ಊಟದಿಂದ ಎಲ್ಲವೂ ವಾಸಿಯಾಗ್ತದ ಅಂತ ನಾವು ಹೇಳುವುದಿಲ್ಲ. ಎರಡು ವಾರ ಮೀರಿದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಿಡದ ಜ್ವರ, ಎದೆ ನೋವು ಇದ್ದರೆ ಮನೆಮದ್ದು ಮಾಡುತ್ತ ದಿನ ಕಳೆಯಬ್ಯಾಡ್ರಿ, ಸರಕಾರಿ ದವಾಖಾನಿಗೆ ಹೋಗ್ರಿ. ಉಳಿದ ಸಣ್ಣ ತೊಂದರೆಗೆ ಮೊದಲು ತಾಟು ನೋಡಿಕೊಳ್ರಿ.

ಸಂಘ ಇನ್ನೂ ಬೆಳೆದು ಬಂಗಾರದ ಹಬ್ಬ ಕಾಣಲಿ. ಆ ದಿನ ಈ ಸಭೆಯಲ್ಲಿ ಕೂಡುವ ತಾಯಂದಿರ ಮೈಯಲ್ಲಿ ರಕ್ತ ತುಂಬಿರಲಿ ಎಂದು ಹಾರೈಸುತ್ತೇವೆ.