ಹಳ್ಳವೂ ಉಳಿಯಲಿ, ದಂಡೆಯ ಜನವೂ ನೆಮ್ಮದಿಯಾಗಿರಲಿ



ನೀರಿಗಾಗಿ ಬೆವರು ಸುರಿಸಿದವರೇ ಸೇರಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ.

2019ರಲ್ಲಿ ನಮ್ಮ ಕೊಪ್ಪಳ ಜಿಲ್ಲೆ ಒಂದು ದೊಡ್ಡ ಕೆಲಸವನ್ನು ಕಂಡಿತು. ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಕರೆಗೆ ಓಗೊಟ್ಟು ಜನ ಹಿರೇಹಳ್ಳಕ್ಕೆ ಇಳಿದರು. ಸ್ವಾಮೀಜಿ ತಾವೇ ಮುಂದೆ ನಿಂತು ದುಡಿದರು. ಜಾಲಿ, ಹೂಳು, ಕಸ ತುಂಬಿಕೊಂಡಿದ್ದ ಸುಮಾರು 26 ಕಿಲೊಮೀಟರ್ ಹಳ್ಳ ಮತ್ತೆ ತೆರೆದುಕೊಂಡಿತು. ಕುಷ್ಟಗಿ ಕಡೆಯ ನಿಡಶೇಸಿ ಕೆರೆ, ಯಲಬುರ್ಗಾ ಕಡೆಯ ತಲ್ಲೂರು ಕೆರೆ, ಕೊಪ್ಪಳದ ಹತ್ತಿರದ ಗಿಣಿಗೇರಾ ಕೆರೆಗಳಲ್ಲೂ ಇಂಥ ಕೆಲಸ ನಡೆಯಿತು. ಮಳೆ ಕೈಕೊಡುವ ಸೀಮೆಗೆ ಇದು ತಂದ ಧೈರ್ಯ ಸಣ್ಣದಲ್ಲ.

ಈ ಕೆಲಸ ಉಳಿದ ಹಳ್ಳಗಳಿಗೂ ಹಬ್ಬಲಿ ಎಂಬ ಆಸೆಯಿಂದಲೇ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ. ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು. ಯಂತ್ರ ಹಳ್ಳಕ್ಕೆ ಇಳಿಯುವ ಮೊದಲೇ ಜನರ ಸುರಕ್ಷತೆಯನ್ನೂ ಸದ್ದಿನ ಪರಿಣಾಮವನ್ನೂ ಅಳೆದು ನೋಡಬೇಕು. ನದಿ, ಕಾಲುವೆ, ಜಲಾಶಯಗಳ ನಿರ್ವಹಣೆಗಾಗಿ ಹೂಳೆತ್ತುವುದಕ್ಕೆ ಕೇಂದ್ರದ 2016ರ ತಿದ್ದುಪಡಿ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಸರ್ಕಾರ ಕೇಳದ ಲೆಕ್ಕವನ್ನು ಊರೇ ಇಡಬೇಕಾಗುತ್ತದೆ.

ಮೊದಲು ಸದ್ದಿನ ಮಾತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಶಾಲೆ, ಆಸ್ಪತ್ರೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಅದು ಕ್ರಮವಾಗಿ 50 ಮತ್ತು 40. ಹಿಟಾಚಿಯೊಂದು ಕೆಲಸ ಮಾಡುವಾಗ 15 ಮೀಟರ್ ದೂರದಲ್ಲಿ 80 ಡೆಸಿಬೆಲ್‌ನಷ್ಟು ಸದ್ದು ಸಾಮಾನ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 240 ಮೀಟರ್ ದೂರದ ಮನೆಯಲ್ಲೂ 56 ಡೆಸಿಬೆಲ್ ಉಳಿಯುತ್ತದೆ. ಹತ್ತು ಯಂತ್ರಗಳು ಒಂದೇ ಕಡೆ ಸೇರಿದರೆ ಇದರ ಮೇಲೆ ಇನ್ನೂ 10 ಡೆಸಿಬೆಲ್ ಏರುತ್ತದೆ.

ಹೂಳೆತ್ತುವ ಕಾಲ ಬೇಸಿಗೆ. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಅದೇ ಮಾರ್ಚ್ ಹೊತ್ತಿಗೆ. ಬಿಸಿಲು ತಾಳಲಾರದೆ ಕೆಲಸವನ್ನು ರಾತ್ರಿಗೆ ತಳ್ಳಿದರೆ ದಂಡೆಯ ಮನೆಗಳಲ್ಲಿ ಹಸುಗೂಸಿಗೂ ಮುದುಕರಿಗೂ ನಿದ್ದೆಯಿಲ್ಲ. ಯಂತ್ರ ನಡೆಸುವವನ ಕಿವಿಯೂ ಕಿವಿಯೇ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್‌ಗಿಂತ ಹೆಚ್ಚು ಸದ್ದಿನಲ್ಲಿ ದುಡಿದರೆ, ವರ್ಷಗಳು ಕಳೆದಂತೆ ಶ್ರವಣಶಕ್ತಿ ಕುಗ್ಗುತ್ತದೆ. ಕಿವಿಗೆ ರಕ್ಷಣೆ ಕೊಡದೆ ಅವನನ್ನು ದುಡಿಸುವುದು ಸೇವೆಯಲ್ಲ. ಗಂಗಾವತಿ ಸೀಮೆಯವರಿಗೆ ಇನ್ನೊಂದು ಹೊಣೆಯೂ ಇದೆ. ತುಂಗಭದ್ರೆಯ 34 ಕಿಲೊಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬಂಡೆಗಳ ಸಂದಿನಲ್ಲಿ ಮರಿ ಸಾಕುವ ಆ ಜೀವಿಗಳ ಹತ್ತಿರ ಯಂತ್ರದ ಆರ್ಭಟ ಸಲ್ಲದು.

ಇನ್ನು ಸುರಕ್ಷತೆ. ಹೂಳು ತೆಗೆಯುವ ಹುರುಪಿನಲ್ಲಿ ದಂಡೆಯನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೊದಲ ದೊಡ್ಡ ಮಳೆಗೇ ಕುಸಿಯುತ್ತದೆ. ಆಳ ತಿಳಿಯದೆ ಇಳಿದ ಮಕ್ಕಳು, ದನಕರುಗಳು ಮೇಲೆ ಬರುವುದು ಕಷ್ಟ. ಸೇತುವೆಯ ಕಂಬದ ಬುಡದಲ್ಲಿ ಆಳವಾಗಿ ಅಗೆದರೆ ಹರಿವ ನೀರು ಅಡಿಪಾಯವನ್ನೇ ಕೊರೆಯುತ್ತದೆ. ಜಾಲಿಯನ್ನು ಬೇರುಸಹಿತ ಕಿತ್ತು ದಂಡೆಯನ್ನು ಬರಿದಾಗಿ ಬಿಟ್ಟರೆ ಮಣ್ಣು ಮರುವರ್ಷ ಮತ್ತೆ ಹಳ್ಳ ಸೇರುತ್ತದೆ. ಹಳ್ಳದ ತಿರುವುಗಳನ್ನು ನೇರ ಮಾಡಿದರೆ ನೀರಿನ ವೇಗ ಹೆಚ್ಚಿ ಕೆಳಗಿನ ಊರಿಗೆ ಅಪಾಯ. ಅಮೆರಿಕದ ಫ್ಲಾರಿಡಾದಲ್ಲಿ ಅಂಕುಡೊಂಕಾಗಿ ಹರಿಯುತ್ತಿದ್ದ ಕಿಸಿಮಿ ನದಿಯನ್ನು 1960ರ ದಶಕದಲ್ಲಿ ನೇರ ಕಾಲುವೆ ಮಾಡಿದರು. ಅದರ ಒಂದು ಭಾಗಕ್ಕೆ ಹಳೆಯ ತಿರುವುಗಳನ್ನು ಮರಳಿ ಕೊಡುವ ಕೆಲಸ ಮುಗಿದದ್ದು 2021ರಲ್ಲಿ.

ಮೇಲಿನಿಂದ ಬರುವ ನೀರನ್ನೂ ಮರೆಯಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ನಮ್ಮೆಲ್ಲರಿಗೂ ಗೊತ್ತು. ಹಿರೇಹಳ್ಳಕ್ಕೂ ಮೇಲೆ ಜಲಾಶಯವಿದೆ. ಎಚ್ಚರಿಕೆಯ ಸೈರನ್ ಮೊಳಗಿದಾಗ ಹಳ್ಳದೊಳಗೆ ದುಡಿಯುವವರಿಗೆ ಅದು ಕೇಳಿಸಬೇಕು. ಯಂತ್ರಗಳ ಗದ್ದಲ ಆ ಸೈರನ್ನನ್ನು ನುಂಗಿಬಿಟ್ಟರೆ ಸದ್ದಿನ ಪ್ರಶ್ನೆಯೇ ಜೀವದ ಪ್ರಶ್ನೆಯಾಗುತ್ತದೆ. ಆದ್ದರಿಂದ ಇವೆರಡನ್ನೂ ಒಟ್ಟಿಗೇ ಅಳೆಯಬೇಕು ಎನ್ನುತ್ತೇನೆ.

ಈ ಸಮಾವೇಶ ನಾಲ್ಕು ನಿರ್ಣಯಗಳನ್ನು ಅಂಗೀಕರಿಸಬೇಕೆಂದು ಕೋರುತ್ತೇನೆ. ಒಂದು, ಕೆಲಸಕ್ಕೆ ಮುನ್ನ ಎಂಜಿನಿಯರರ ಜೊತೆ ಊರಿನವರು, ಮುಖ್ಯವಾಗಿ ಹೆಣ್ಣುಮಕ್ಕಳೂ ದನಗಾಹಿಗಳೂ, ಹಳ್ಳದ ಉದ್ದಕ್ಕೂ ನಡೆದು ಮನೆ, ಶಾಲೆ, ಬಾವಿ, ಸೇತುವೆ, ವಿದ್ಯುತ್ ತಂತಿ, ದಾಟುವ ದಾರಿಗಳನ್ನು ಗುರುತಿಸಲಿ. ಎರಡು, ಕೆಲಸದ ಮೊದಲೂ ಕೆಲಸ ನಡೆಯುವಾಗಲೂ ಸದ್ದನ್ನು ಮಾಪಕದಿಂದ ಅಳೆದು ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ಊರ ಹತ್ತಿರ ರಾತ್ರಿ ಕೆಲಸ ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಶಾಲೆಯ ಬಳಿ ಯಂತ್ರ ನಿಲ್ಲಲಿ. ಮೂರು, ದಂಡೆಗೆ ಇಳಿಜಾರು, ಇಳಿಯಲು ಮೆಟ್ಟಿಲು, ಆಳದ ಕಡೆ ಎಚ್ಚರಿಕೆ ಫಲಕ, ಮಣ್ಣು ಹಿಡಿಯುವ ಗಿಡ ಇವೆಲ್ಲ ಮೂಲ ಅಂದಾಜಿನಲ್ಲೇ ಸೇರಲಿ. ನಾಲ್ಕು, ಮೊದಲ ಮಳೆಗಾಲ ಮುಗಿದ ಮೇಲೆ ದಂಡೆ, ಸೇತುವೆಗಳನ್ನು ಮತ್ತೆ ಪರಿಶೀಲಿಸಿ ಕಂಡದ್ದನ್ನು ಗ್ರಾಮಸಭೆಯಲ್ಲಿ ಓದಲಿ.

ಇದರಿಂದ ಕೆಲಸ ತಡವಾಗುತ್ತದೆ ಎಂದು ಯಾರೂ ಹಿಂಜರಿಯಬೇಡಿ. ಒಂದು ಅನಾಹುತವಾದರೆ ಜನ ಮುಂದಿನ ಹಳ್ಳಕ್ಕೆ ಕೈಹಾಕಲು ಹೆದರುತ್ತಾರೆ. ಹಿರೇಹಳ್ಳವನ್ನು ತೆರೆದದ್ದು ಜನರ ವಿಶ್ವಾಸ. ಆ ವಿಶ್ವಾಸವನ್ನು ಕಾಯುವುದೂ ಹಳ್ಳ ಕಾಯುವ ಕೆಲಸದ ಭಾಗವೇ.