ಬಾಗಿಲು ಹಿಡಿದು ಕುಳಿತವರು
(ಜುಮಾ ಖುತ್ಬಾದ ಸಾರಾಂಶ)



ಕೊಲ್ಲಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮ್ಮ ಮೊಹಲ್ಲಾಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಮಗ ಅಲ್ಲಿ ದುಡಿಯುತ್ತಿರುವ ಮನೆಯಲ್ಲಿ “ಫೋನ್ ಬಂತಾ?” ಎಂಬ ಆತಂಕ. ಚಹಾದಂಗಡಿಯಲ್ಲಿ, ಇದು ಶಿಯಾ-ಸುನ್ನಿ ಜಗಳ ಎಂಬ ವಾದ. ಆದರೆ ಆ ನೆಲದ ಚರಿತ್ರೆ ನೋಡಿದರೆ ಜಗಳದ ಬುಡದಲ್ಲಿ ಬಹಳ ಸಲ ಕಾಣುವುದು ಎಣ್ಣೆ.

ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ತನ್ನ ತೈಲವನ್ನು ಇರಾನ್ 1951ರಲ್ಲಿ ರಾಷ್ಟ್ರೀಕರಣ ಮಾಡಿತು. 1953ರಲ್ಲಿ ಅದರ ಪ್ರಧಾನಿ ಮೊಸಾದ್ದೆಕ್ ಅಧಿಕಾರ ಕಳೆದುಕೊಂಡರು. ಆ ಸಂಚಿನ ಹಿಂದೆ ಅಮೆರಿಕ, ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳಿದ್ದವು. 1980ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್, ಹೊರಗಿನ ಶಕ್ತಿ ಕೊಲ್ಲಿಯನ್ನು ಹಿಡಿಯಲು ಬಂದರೆ ಸೇನೆ ಬಳಸುತ್ತೇವೆ ಎಂದು ಸಾರಿದರು. ಅವರ ಎಚ್ಚರಿಕೆ ಸೋವಿಯತ್ ಒಕ್ಕೂಟಕ್ಕೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆರಗಿತು. ಎರಡೂ ಮುಸ್ಲಿಮ್ ದೇಶಗಳು. ಜಗಳ ಸಾಲದ್ದು, ತೈಲದ್ದು. ಬೀದಿಗೆ ಬಿದ್ದವರು ದುಡಿಯಲು ಹೋದವರು. 1 ಲಕ್ಷ 70 ಸಾವಿರದಷ್ಟು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು.

ದೂರದ ಆ ಜಗಳ ನಮ್ಮ ಹೊಲಕ್ಕೂ ಬರುತ್ತದೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನದು. ಕಷ್ಟಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಸುವಂತೆ ನೆಲದಡಿಯ ಬಂಡೆ ಕೊರೆದು ಗುಹೆಗಳನ್ನು ಮಾಡಿದ್ದಾರೆ. ನಮ್ಮ ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಾವು ತರಿಸುವ ಅನಿಲದಲ್ಲಿ ದೊಡ್ಡ ಪಾಲು ಕತಾರಿನದು. ಅದು ಹಾರ್ಮುಜ್ ಜಲಸಂಧಿ ದಾಟಿ ಬರಬೇಕು. ಅತಿ ಇಕ್ಕಟ್ಟಾದ ಕಡೆ ಅದರ ಅಗಲ 40 ಕಿ.ಮೀ. ಕೂಡ ಇಲ್ಲ. ಬಲಿಷ್ಠರ ತಂತ್ರವೆಲ್ಲ ಇಂಥ ಬಾಗಿಲು ಯಾರ ಕೈಯಲ್ಲಿರಬೇಕು ಎಂಬುದರ ಸುತ್ತಲೇ. ಬಾಗಿಲು ಹಿಡಿದವನು ಬೆಲೆ ಹೇಳುತ್ತಾನೆ.

ನೀರು, ಮೇವು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರೆಂದು ಪ್ರವಾದಿ(ಸ) ಕಲಿಸಿದರು. ಬೆಂಕಿ ಎಂದರೆ ಇಂಧನ. ಬೆಲೆ ಏರಲೆಂದು ಸರಕು ಬಚ್ಚಿಡುವುದನ್ನು ಅವರು ಪಾಪವೆಂದರು.

ಸಹೋದರರೇ, ಈ ಮಾತು ದೊಡ್ಡ ದೇಶಗಳಿಗೆ ಮಾತ್ರವೇ? ಯೂರಿಯಾ ಕೊರತೆಯಾದಾಗ ಗೋದಾಮಿನಲ್ಲಿ ಚೀಲವಿದ್ದೂ “ಸ್ಟಾಕ್ ಇಲ್ಲ” ಎನ್ನುವ, ಕತ್ತಲಾದ ಮೇಲೆ ಹೆಚ್ಚಿನ ದರಕ್ಕೆ ಕೊಡುವ ವ್ಯಾಪಾರಿಯೂ ಬಾಗಿಲು ಹಿಡಿದು ಕುಳಿತವನೇ. ಅವನ ಕೈಯಲ್ಲಿರುವುದು ಸಣ್ಣ ಬಾಗಿಲು, ಅಷ್ಟೆ. ಸಾಲಿನಲ್ಲಿ ನಿಂತ ರೈತ ಯಾವ ಧರ್ಮದವನಾದರೂ ಅವನ ಹಕ್ಕು ನಮ್ಮ ಮೇಲಿದೆ. ಅಮೆರಿಕವನ್ನು ಬೈದು ಮನೆಗೆ ಹೋಗಿ ಸಿಲಿಂಡರ್ ಬಚ್ಚಿಟ್ಟರೆ ನಮಗೂ ಅವರಿಗೂ ಏನು ವ್ಯತ್ಯಾಸ?

ಹಾಗಾಗಿ ಮೂರು ಕೆಲಸ ಮಾಡೋಣ. ಯುದ್ಧದ ಗಾಳಿಸುದ್ದಿಯನ್ನು ಮೊಬೈಲಿನಲ್ಲಿ ಮುಂದಕ್ಕೆ ಕಳಿಸದಿರೋಣ. ಮಗ ಕೊಲ್ಲಿಯಲ್ಲಿರುವ ಮನೆಗೆ ಹೋಗಿ ವಿಚಾರಿಸೋಣ. ಕೊರತೆಯ ದಿನಗಳಲ್ಲಿ ನ್ಯಾಯದ ದರಕ್ಕೇ ಮಾರೋಣ. ಅಲ್ಲಾಹನು ನಮ್ಮ ವ್ಯಾಪಾರವನ್ನು ಶುದ್ಧವಾಗಿಡಲಿ, ದೂರದಲ್ಲಿರುವ ನಮ್ಮ ಮಕ್ಕಳನ್ನು ಕಾಯಲಿ. ಆಮೀನ್.